ಮೋಟಾರು ಕಾರಿನ ವಿದ್ಯುದ್ಭಂಡಾರ

ಮುಂಜಾನೆಯ ಹೊತ್ತು. ಮನೆಯ ಮುಂದೆ ನಿಂತ ಕಾರಿನಲ್ಲಿ ಕುಳಿತು ಚಾಲಕನು ಕೀಲಿಯನ್ನು ತಿರುಗಿಸುತ್ತಾನೆ. ಆಗಲೇ ಹೊತ್ತಿಸಿದ್ದ ದೀಪಗಳು ಒಮ್ಮೆಲೇ ಮಂಕಾಗುತ್ತವೆ, 'ಟಕ್' ಎಂಬ ಒಂದು ಸದ್ದು ಕೇಳಿಸುತ್ತದೆ, ಎಂಜಿನು ಅಲುಗುವುದಿಲ್ಲ. ಕೀಲಿಯನ್ನು ಬಿಟ್ಟೊಡನೆ ದೀಪಗಳು ಮತ್ತೆ ಬೆಳಗುತ್ತವೆ. "ಬ್ಯಾಟರಿ ಸತ್ತಿತು, ಹೊಸದನ್ನು ತರಬೇಕು" ಎಂದು ನೆರೆದವರು ತೀರ್ಪು ಕೊಟ್ಟುಬಿಡುತ್ತಾರೆ. ಸತ್ತ ಬ್ಯಾಟರಿಯಿಂದ ದೀಪ ಉರಿಯುವುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ವೋಲ್ಟ್, ಆಂಪಿಯರ್, ಆಂಪಿಯರ್-ಗಂಟೆ, ಓಮ್ ಎಂಬ ನಾಲ್ಕು ಮಾತುಗಳ ಅರ್ಥವನ್ನು ನಾವು ತಿಳಿದಿರಬೇಕು.

ನಾಲ್ಕು ಅಳತೆಗಳು

ಮಾಳಿಗೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯೋಣ. ತೊಟ್ಟಿ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಈ ಒತ್ತಡದ ಅಳತೆಯೇ ವೋಲ್ಟ್. ಸೆಕೆಂಡಿಗೆ ಎಷ್ಟು ನೀರು ಹರಿಯಿತೆಂಬುದನ್ನು ಹೋಲುವ ಅಳತೆ ಆಂಪಿಯರ್. ತೊಟ್ಟಿಯಲ್ಲಿ ಒಟ್ಟು ಎಷ್ಟು ನೀರು ಹಿಡಿಯುವುದೋ ಅದನ್ನು ಹೋಲುವುದು ಆಂಪಿಯರ್-ಗಂಟೆ. ಇಕ್ಕಟ್ಟಾದ ಕೊಳವೆಯಂತೆ ಪ್ರವಾಹಕ್ಕೆ ಅಡ್ಡಿಯಾಗುವ ಗುಣವೇ ರೋಧ. ಅದರ ಅಳತೆ ಓಮ್. 1 ಓಮ್ ರೋಧದಲ್ಲಿ 1 ಆಂಪಿಯರ್ ಪ್ರವಾಹವನ್ನು ಹರಿಸಲು 1 ವೋಲ್ಟ್ ಒತ್ತಡ ಬೇಕು.

ಕಾರಿನ ಸೀಸದ ಬ್ಯಾಟರಿಯ ಮೂಲರೂಪವನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ನಿರ್ಮಿಸಿದನು. ಇಂದಿನ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಪ್ರತಿಯೊಂದರಲ್ಲಿಯೂ ಸೀಸದ ಮತ್ತು ಸೀಸದ ಡೈಆಕ್ಸೈಡಿನ ಫಲಕಗಳು ನೀರು ಬೆರೆಸಿದ ಗಂಧಕಾಮ್ಲದೊಡನೆ ಸೇರಿ ಸುಮಾರು 2.1 ವೋಲ್ಟನ್ನು ಕೊಡುತ್ತವೆ; ಆರೂ ಸೇರಿದರೆ 12.6 ವೋಲ್ಟ್.

ಹ್ಯಾಂಡಲಿನಿಂದ ಕೀಲಿಗೆ

ಮೊದಮೊದಲಿನ ಕಾರುಗಳನ್ನು ಚಾಲೂ ಮಾಡಬೇಕಾದರೆ ಮುಂಭಾಗದಲ್ಲಿ ಹ್ಯಾಂಡಲನ್ನು ತೂರಿಸಿ ತೋಳ್ಬಲದಿಂದ ತಿರುಗಿಸಬೇಕಾಗಿತ್ತು. ಎಂಜಿನು ಕೆಲವೊಮ್ಮೆ ಹಿಮ್ಮುಖವಾಗಿ ಒದೆದು ಮಣಿಕಟ್ಟನ್ನೇ ಮುರಿಯುತ್ತಿತ್ತು. ಇದಕ್ಕೆ ಪರಿಹಾರವನ್ನು ಕೊಟ್ಟವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅಂಗಡಿಗಳ ಹಣದ ಲೆಕ್ಕದ ಯಂತ್ರಕ್ಕೆ ಅವನು ಮೊದಲೇ ವಿದ್ಯುತ್ ಮೋಟಾರನ್ನು ಅಳವಡಿಸಿದ್ದನು. ಕ್ಷಣಕಾಲ ಮಾತ್ರ ದುಡಿಯುವ ಮೋಟಾರಿನಿಂದ ಅದರ ಗಾತ್ರಕ್ಕೆ ಮೀರಿದ ಕೆಲಸವನ್ನು ಮಾಡಿಸಬಹುದು. ಅಷ್ಟರಲ್ಲಿ ಅದು ಕಾಯ್ದು ಕೆಡುವುದಿಲ್ಲ. ಈ ತತ್ತ್ವದ ಮೇಲೆ ರೂಪುಗೊಂಡ ಸೆಲ್ಫ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು.

ಸಾಧಾರಣ ಪೆಟ್ರೋಲ್ ಕಾರಿನ ಸ್ಟಾರ್ಟರು ಸುಮಾರು 150 ಆಂಪಿಯರನ್ನು ಸೆಳೆಯುತ್ತದೆಂದು ಇಟ್ಟುಕೊಳ್ಳೋಣ. ಆ ಹೊರೆಯಲ್ಲಿ ಬ್ಯಾಟರಿಯ ಒತ್ತಡ 10 ವೋಲ್ಟಿಗೆ ಇಳಿದರೂ 1500 ವಾಟ್, ಎಂದರೆ ಎರಡು ಅಶ್ವಶಕ್ತಿ, ದೊರೆಯುತ್ತದೆ. ಇಷ್ಟು ದೊಡ್ಡ ಪ್ರವಾಹವನ್ನು ಕೀಲಿಯ ಸಣ್ಣ ತಂತಿಗಳು ತಾಳಲಾರವು. ಆದುದರಿಂದ ಕೀಲಿಯು ಅಲ್ಪ ಪ್ರವಾಹದಿಂದ ಒಂದು ವಿದ್ಯುದಯಸ್ಕಾಂತವನ್ನು ಎಬ್ಬಿಸುತ್ತದೆ. ಅದು ದಪ್ಪ ತಂತಿಗಳ ದಾರಿಯನ್ನು ಕೂಡಿಸುತ್ತದೆ. ಇದೇ ಸೊಲೆನಾಯ್ಡ್. ನಾವು ಕೇಳಿದ 'ಟಕ್' ಸದ್ದು ಇದರದೇ.

ಸಾಲ ಮತ್ತು ತೀರಿಕೆ

150 ಆಂಪಿಯರ್ ಎಂದೊಡನೆ ಭಂಡಾರ ಬರಿದಾಯಿತೆಂದು ಹೆದರಬೇಕಾಗಿಲ್ಲ. ಎರಡು ಸೆಕೆಂಡು ಮಾತ್ರ ಹರಿದರೆ ಅದು ಒಂದು ಆಂಪಿಯರ್-ಗಂಟೆಯ ಹನ್ನೆರಡರಲ್ಲಿ ಒಂದು ಪಾಲು. 40 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಸುಮಾರು 480ರಲ್ಲಿ ಒಂದು ಭಾಗ! ಆದರೆ 55 ವಾಟಿನ ಎರಡು ಮುಂದೀಪಗಳನ್ನು ಆರಿಸಲು ಮರೆತರೆ 9 ಆಂಪಿಯರ್ ಹರಿಯುತ್ತಲೇ ಇದ್ದು, ನಾಲ್ಕೈದು ಗಂಟೆಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಹನಿಹನಿಗೂಡಿದರೆ ಹಳ್ಳವೆಂಬುದು ಸೋರಿಕೆಗೂ ಸಲ್ಲುವ ಮಾತು.

ಎಂಜಿನು ಓಡತೊಡಗಿದ ಮೇಲೆ ಸಾಲವನ್ನು ತೀರಿಸುವುದು ಆಲ್ಟರ್ನೇಟರು. ಅದು ಎಂಜಿನಿನ ಪಟ್ಟಿಯಿಂದ ತಿರುಗಿ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುತ್ತವೆ. ಅದರ ಒತ್ತಡ ಸುಮಾರು 14 ವೋಲ್ಟ್. ಬ್ಯಾಟರಿಗಿಂತ ಹೆಚ್ಚಿನ ಒತ್ತಡವಿದ್ದರೆ ಮಾತ್ರ ಪ್ರವಾಹ ಅದರೊಳಕ್ಕೆ ಹೋಗಬಲ್ಲದಷ್ಟೆ. ಹಿಂದಿನ ಡೈನಮೊಗಳು ನಿಧಾನವಾಗಿ ಓಡುವಾಗ ಸಾಕಷ್ಟು ಪ್ರವಾಹವನ್ನು ಕೊಡುತ್ತಿರಲಿಲ್ಲ. ಆ ಕೊರತೆಯನ್ನು ಆಲ್ಟರ್ನೇಟರು ನೀಗಿಸಿತು.

ತಪ್ಪಿತಸ್ಥರು ಯಾರು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬ್ಯಾಟರಿಯ ಟರ್ಮಿನಲಿಗೂ ಅದನ್ನು ಹಿಡಿದಿರುವ ಕ್ಲಾಂಪಿಗೂ ನಡುವೆ ಬಿಳಿಯ ಅಥವಾ ಹಸಿರು ಪುಡಿ ಕೂಡಿ, ಓಮಿನ ನೂರರಲ್ಲಿ ಎರಡು ಪಾಲಿನಷ್ಟು ರೋಧ ಉಂಟಾಗಿದೆಯೆಂದು ಭಾವಿಸೋಣ. ದೀಪಗಳ 9 ಆಂಪಿಯರ್ ಹರಿದರೆ ಅಲ್ಲಿ ಕಳೆಯುವುದು 0.18 ವೋಲ್ಟ್, ದೀಪಕ್ಕೆ ಅದು ತಿಳಿಯುವುದೇ ಇಲ್ಲ. 150 ಆಂಪಿಯರ್ ಹರಿಯಬೇಕಾದರೆ 3 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ! ಸ್ಟಾರ್ಟರು ಸೋಲುವುದು ಇದರಿಂದ.

ಬ್ಯಾಟರಿಯೇ ಬಳಲಿದ್ದರೂ ಇಂತಹವೇ ಲಕ್ಷಣಗಳು ಕಾಣಬಹುದು. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸುಲಭ. ವೋಲ್ಟ್‌ಮೀಟರಿನ ಒಂದು ತುದಿಯನ್ನು ಟರ್ಮಿನಲಿಗೂ ಇನ್ನೊಂದನ್ನು ಅದರ ಕ್ಲಾಂಪಿಗೂ ಮುಟ್ಟಿಸಿ, ಮತ್ತೊಬ್ಬರಿಂದ ಕೀಲಿಯನ್ನು ತಿರುಗಿಸಬೇಕು. ಮುಳ್ಳು ಸೊನ್ನೆಯ ಬಳಿಯೇ ನಿಂತರೆ ಆ ಕೂಡಿಕೆ ಸರಿಯಾಗಿದೆ. ಒಂದೆರಡು ವೋಲ್ಟ್ ತೋರಿಸಿದರೆ ದೋಷ ಅಲ್ಲಿಯೇ ಇದೆ. ಎರಡು ಟರ್ಮಿನಲುಗಳನ್ನೂ ಹೀಗೆಯೇ ನೋಡಬೇಕು. ಶುಚಿಮಾಡುವಾಗ ಋಣ ತುದಿಯನ್ನು ಮೊದಲು ಬಿಚ್ಚಬೇಕು. ಇಂದಿನ ಕಾರುಗಳಲ್ಲಿ ಕಾರಿನ ಮೈಯೇ ಋಣ ತುದಿಗೆ ಹಿಂದಿರುಗುವ ದಾರಿ. ಧನ ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಮೈಗೆ ತಗುಲಿದರೆ ಭಾರಿ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುವುದರಿಂದ ಕಿಡಿಯು ಅಪಾಯಕಾರಿ.

ಉಪ್ಪುಕಾಗದದಿಂದ ಉಜ್ಜಿದರೆ ಹೋಗುವ ಪುಡಿಗಾಗಿ ಒಳ್ಳೆಯ ಬ್ಯಾಟರಿಯನ್ನು ಎಸೆದು ಸಾವಿರಾರು ರೂಪಾಯಿ ತೆರುವವರುಂಟು. ನಾಲ್ಕು ಮಾತುಗಳ ಅರ್ಥವನ್ನರಿತವನು ತೀರ್ಪು ಕೊಡುವ ಮೊದಲು ಅಳೆದು ನೋಡುತ್ತಾನೆ.