ಮೀಟರ್ ಬೋರ್ಡಿನ ದೀಪ ಓದಲು ಕಲಿಯೋಣ

ಎತ್ತಿಗೆ ಮೈ ಹುಷಾರಿಲ್ಲ ಅಂದರೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಗು ಒಣಗಿರುತ್ತೆ, ಕಿವಿ ಜೋತು ಬಿದ್ದಿರುತ್ತೆ, ಮೇವಿನ ಮುಂದೆ ಸುಮ್ಮನೆ ನಿಂತಿರುತ್ತೆ. ಅವತ್ತು ಅದರ ಹೆಗಲ ಮೇಲೆ ನೊಗ ಇಡುವ ರೈತ ಇಲ್ಲ. ಅದೇ ಟ್ರ್ಯಾಕ್ಟರಿನಲ್ಲಿ ಕಣ್ಣೆದುರಿಗೇ ಕೆಂಪು ದೀಪ ಉರಿಯುತ್ತಿದ್ದರೂ 'ಇನ್ನೊಂದೆಕರೆ ಮುಗಿಸಿಬಿಡೋಣ' ಅಂತ ಹೊಡೆಯುತ್ತಲೇ ಇರುತ್ತೇವೆ. ಎತ್ತಿನ ಮುಖ ನೋಡಿ ತಿಳಿಯೋದನ್ನು ಅಪ್ಪ, ಅಜ್ಜ ಕಲಿಸಿದರು. ಮೀಟರ್ ಬೋರ್ಡ್ ನೋಡಿ ತಿಳಿಯೋದನ್ನು ಯಾರೂ ಕಲಿಸಲಿಲ್ಲ.

"ಅದು ಅಂಗೇ ಉರೀತೈತೆ ಬಿಡಣ್ಣ, ಏನೂ ಆಗಲ್ಲ" ಅನ್ನುವ ಮಾತನ್ನು ನಮ್ಮ ಚಿತ್ರದುರ್ಗದ ಕಡೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಕ್ಕದ ಊರಿನ ರೈತರೊಬ್ಬರ ಟ್ರ್ಯಾಕ್ಟರಿಗೆ ಇದೇ ಮಾತು ಮುಳುವಾಯಿತು. ಶೇಂಗಾ ಬಿತ್ತನೆಯ ಹದ. ಬೆಳಗ್ಗೆಯಿಂದ ಎಣ್ಣೆ ದೀಪ ಉರಿಯುತ್ತಲೇ ಇತ್ತು, ಡ್ರೈವರ್ ನಿಲ್ಲಿಸಲಿಲ್ಲ. ಸಂಜೆಗೆ ಎಂಜಿನ್ ಬಿಗಿದುಕೊಂಡಿತು. ಬೇರಿಂಗ್, ಕ್ರ್ಯಾಂಕ್ ಶಾಫ್ಟ್ ಎರಡೂ ಹೋದವು. ರಿಪೇರಿಯ ಖರ್ಚು ಒಂದು ಕಡೆ ಇರಲಿ, ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ನಿಂತಿದ್ದಾಗ ಹೊಲದ ಹದ ಆರಿಹೋಯಿತು. ದುಡ್ಡನ್ನಾದರೂ ಸಾಲ ತರಬಹುದು, ಹದ ಯಾರ ಹತ್ತಿರ ಸಾಲ ತರೋದು?

ಆ ದೀಪ ನೋಡಿದ ಕೂಡಲೇ ಎಂಜಿನ್ ಆಫ್ ಮಾಡಿದ್ದರೆ ಬಹುಶಃ ನಾಲ್ಕು ಲೀಟರ್ ಎಣ್ಣೆಯಲ್ಲೋ ಒಂದು ಸಣ್ಣ ಪೈಪಿನಲ್ಲೋ ಮುಗಿಯುತ್ತಿತ್ತು. ಅದಕ್ಕೇ ಈ ಲೇಖನ. ನಾನು ಓದಿದ್ದು ಏಳನೇ ಕ್ಲಾಸು. ಮೀಟರ್ ಬೋರ್ಡ್ ಓದಲು ಅಷ್ಟೂ ಬೇಕಾಗಿಲ್ಲ. ಅಲ್ಲಿರುವುದೆಲ್ಲ ಚಿತ್ರ ಮತ್ತು ಬಣ್ಣ.

ಮೊದಲು ಬಣ್ಣ ನೋಡಿ

ಗಾಡಿಗಳ ದೀಪದ ಚಿತ್ರಗಳಿಗೆ ಅಂತರರಾಷ್ಟ್ರೀಯ ಮಾನಕ ಇದೆ. ಕಾರು, ಲಾರಿಗೆ ಐ.ಎಸ್.ಒ. 2575, ಕೃಷಿ ಯಂತ್ರಗಳಿಗೆ ಐ.ಎಸ್.ಒ. 3767. ಆದ್ದರಿಂದ ಕಂಪನಿ ಯಾವುದಾದರೂ ಮುಖ್ಯ ಚಿತ್ರಗಳು ಹೆಚ್ಚು ಕಡಿಮೆ ಒಂದೇ. ಒಂದು ಗಾಡಿಯಲ್ಲಿ ಕಲಿತರೆ ಬೇರೆ ಗಾಡಿಗೂ ಬರುತ್ತೆ.

ಕೆಂಪು ಅಂದರೆ ಅಪಾಯ, ಗಾಡಿ ನಿಲ್ಲಿಸಿ ನೋಡಿ. ಹಳದಿ ಅಂದರೆ ಏನೋ ಸರಿಯಿಲ್ಲ, ಬೇಗ ತೋರಿಸಿ. ಹಸಿರು, ನೀಲಿ ಅಂದರೆ ಯಾವುದೋ ಒಂದು ಕೆಲಸ ನಡೆಯುತ್ತಿದೆ ಅಂತ ತಿಳಿಸುವುದು ಅಷ್ಟೇ. ಇಂಡಿಕೇಟರ್ ಹಾಕಿದರೆ ಹಸಿರು ಬಾಣ, ಹೆಡ್‌ಲೈಟ್ ಮೇಲಕ್ಕೆ ಬಿಟ್ಟರೆ ನೀಲಿ. ನೀಲಿ ದೀಪ ಉರಿಯುತ್ತಿದ್ದರೆ ಎದುರು ಬರುವವರ ಕಣ್ಣು ಕುಕ್ಕುತ್ತಿದ್ದೇವೆ ಅಂತ ಅರ್ಥ, ಇಳಿಸಿಬಿಡಿ.

ಕೀ ತಿರುಗಿಸಿದಾಗಲೇ ಪರೀಕ್ಷೆ

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಎಣ್ಣೆಯ ದೀಪ, ಬ್ಯಾಟರಿಯ ದೀಪ ಎರಡೂ ಉರಿಯಬೇಕು. ಎಂಜಿನ್ ಶುರುವಾದ ಮೇಲೆ ಎರಡೂ ಆರಬೇಕು. ಶಾಲೆಯ ಹಾಜರಿ ಇದ್ದ ಹಾಗೆ, ಮೊದಲು 'ಇದ್ದೇನೆ' ಅನ್ನಬೇಕು, ಆಮೇಲೆ ಸುಮ್ಮನಿರಬೇಕು.

ಕೀ ಆನ್ ಮಾಡಿದಾಗ ದೀಪ ಉರಿಯದಿದ್ದರೆ ಖುಷಿಪಡಬೇಡಿ. ಬಲ್ಬು ಸುಟ್ಟಿರಬಹುದು, ವೈರು ಕಿತ್ತಿರಬಹುದು. ಹಳೇ ಟ್ರ್ಯಾಕ್ಟರು, ಹಳೇ ಕಾರು ಕೊಳ್ಳುವವರು ಇದನ್ನು ಮರೆಯಬಾರದು. ದೋಷ ಮುಚ್ಚಲು ಬಲ್ಬನ್ನೇ ತೆಗೆದು ಮಾರುವವರಿದ್ದಾರೆ. ಬಣ್ಣ, ಟೈರು ನೋಡುವ ಮೊದಲು ಕೀ ತಿರುಗಿಸಿ ದೀಪಗಳ ಹಾಜರಿ ತೆಗೆದುಕೊಳ್ಳಿ.

ಗಿಂಡಿ ಚಿತ್ರದ ದೀಪ

ಮೂತಿಯಿಂದ ಒಂದು ಹನಿ ತೊಟ್ಟಿಕ್ಕುವ ಗಿಂಡಿಯ ಚಿತ್ರ ಎಲ್ಲಕ್ಕಿಂತ ದೊಡ್ಡ ದೀಪ. ಎಂಜಿನ್ನಿನೊಳಗೆ ಎಣ್ಣೆಯ ಒತ್ತಡ ಬಿದ್ದಿದೆ ಅಂತ ಇದರ ಅರ್ಥ. ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿಗೂ ಬೇರಿಂಗಿಗೂ ನಡುವೆ ಎಣ್ಣೆಯ ತೆಳು ಪದರ ಇರುತ್ತೆ. ಪಂಪು ಒತ್ತಡದಿಂದ ಎಣ್ಣೆ ತಳ್ಳಿದರೆ ಮಾತ್ರ ಆ ಪದರ ಉಳಿಯುತ್ತೆ. ಒತ್ತಡ ಹೋದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಹಾಳಾಗಲು ದಿನ ಬೇಕಿಲ್ಲ, ಕೆಲವು ನಿಮಿಷ ಸಾಕು.

ಈ ದೀಪ ಹತ್ತಿದರೆ ಸಾಲು ಮುಗಿಸಬೇಡಿ, ಬದುವಿನ ತನಕವೂ ಹೋಗಬೇಡಿ. ಅಲ್ಲೇ ಆಫ್ ಮಾಡಿ. ಸಮ ಜಾಗವಾದರೆ ಸ್ವಲ್ಪ ಹೊತ್ತು ಬಿಟ್ಟು ಎಣ್ಣೆ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ನೋಡಿ. ಎಣ್ಣೆ ಕಡಿಮೆಯಿದ್ದರೆ ಎಲ್ಲಿ ಸೋರಿದೆ ಅಂತ ನೋಡಿ, ಸರಿಪಡಿಸಿ, ತುಂಬಿಸಿ. ಎಣ್ಣೆ ಸರಿಯಾಗಿದ್ದೂ ದೀಪ ಆರದಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ದೀಪದ ಸ್ವಿಚ್ಚೇ ಕೆಟ್ಟಿರಲೂಬಹುದು. ಆದರೆ ಅದನ್ನು ಮೆಕ್ಯಾನಿಕ್ ಒತ್ತಡದ ಗೇಜು ಹಾಕಿ ನೋಡಿ ಹೇಳಬೇಕು, ನಾವು ಊಹೆ ಮಾಡಬಾರದು.

ಎಂಜಿನ್ ಕಾದ ಮೇಲೆ, ನಿಧಾನ ಓಟದಲ್ಲಿ ಮಾತ್ರ ಈ ದೀಪ ಮಿಣುಕುತ್ತಿದ್ದರೂ ಅಸಡ್ಡೆ ಬೇಡ. ಎಣ್ಣೆ ತೆಳುವಾಗಿರಬಹುದು, ಬೇರಿಂಗ್ ಸವೆದಿರಬಹುದು.

ಬ್ಯಾಟರಿ ದೀಪವೂ ಬಿಸಿಯ ಮುಳ್ಳೂ

ಬ್ಯಾಟರಿಯ ಚಿತ್ರ ಕಂಡರೆ ಬ್ಯಾಟರಿ ಕೆಟ್ಟಿದೆ ಅಂತಲೇ ಅಲ್ಲ, ಚಾರ್ಜ್ ಆಗುತ್ತಿಲ್ಲ ಅಂತ ಅರ್ಥ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಒಂದೇ ಫ್ಯಾನ್ ಬೆಲ್ಟು ಆಲ್ಟರ್ನೇಟರ್, ನೀರಿನ ಪಂಪು, ಫ್ಯಾನು ಮೂರನ್ನೂ ತಿರುಗಿಸುತ್ತೆ. ಹಾಗಾಗಿ ಬ್ಯಾಟರಿ ದೀಪ ಹತ್ತಿ, ಹಿಂದೆಯೇ ಬಿಸಿಯ ಮುಳ್ಳು ಏರತೊಡಗಿದರೆ ಬೆಲ್ಟು ತುಂಡಾಗಿದೆ ಅಂತಲೇ ತಿಳಿಯಿರಿ. ತಕ್ಷಣ ಎಂಜಿನ್ ಆಫ್ ಮಾಡಬೇಕು. ಹೊಸ ಬೆಲ್ಟು ಒಂದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ಬೆಲ್ಟು ಸರಿಯಿದ್ದೂ ಮುಳ್ಳು ಕೆಂಪಿಗೆ ಹೋಗುವುದು ನಮ್ಮ ಕಡೆ ಒಕ್ಕಣೆ ಕಾಲದಲ್ಲಿ ಹೆಚ್ಚು. ಮೆಕ್ಕೆಜೋಳದ ಸಿಪ್ಪೆ, ರಾಗಿ ಹೊಟ್ಟು ಹಾರಿ ರೇಡಿಯೇಟರ್ ಜಾಲರಿಗೆ ಅಂಟಿಕೊಂಡು ಗಾಳಿ ಆಡದ ಹಾಗೆ ಮಾಡುತ್ತೆ. ಹೀಗಾದರೆ ಭಾರ ತೆಗೆದು, ನ್ಯೂಟ್ರಲ್ಲಿಗೆ ಹಾಕಿ, ಒಂದೆರಡು ನಿಮಿಷ ನಿಧಾನ ಓಟದಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ನೀರು ಉಕ್ಕುತ್ತಿದ್ದರೆ ಮಾತ್ರ ಕೂಡಲೇ ಆಫ್. ಆರಿದ ಮೇಲೆ ಜಾಲರಿ ಬಿಡಿಸಿ ಹೊಟ್ಟು ಕೊಡವಿ.

ಎರಡು ಮಾತು ನೆನಪಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ಡು ಸೀಳಬಹುದು. ಇನ್ನೊಂದು ಮೋಸವಿದೆ. ನೀರು ಪೂರಾ ಸೋರಿಹೋದರೆ ಬಿಸಿ ಅಳೆಯುವ ತುದಿಗೆ ನೀರೇ ತಾಗುವುದಿಲ್ಲ, ಆಗ ಮುಳ್ಳು ಕೆಳಗಿಳಿಯಲೂಬಹುದು. ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ ತಂಪಾಯಿತು ಅಂದುಕೊಳ್ಳದೆ ನೀರು ನೋಡಿ.

ಗಂಟೆ ಮೀಟರು, ಸುತ್ತಿನ ಮುಳ್ಳು

ಕಾರಿಗೆ ಕಿಲೋಮೀಟರ್ ಲೆಕ್ಕ, ಟ್ರ್ಯಾಕ್ಟರಿಗೆ ಗಂಟೆ ಲೆಕ್ಕ. ಎಣ್ಣೆ, ಫಿಲ್ಟರ್ ಬದಲಿಸುವುದು ಕಂಪನಿ ಪುಸ್ತಕದಲ್ಲಿ ಹೇಳಿದ ಗಂಟೆಗೆ. ಪ್ರತಿ ಸಲ ಎಣ್ಣೆ ಬದಲಿಸಿದಾಗ ಮೀಟರಿನ ಅಂಕಿಯನ್ನು ಮಡ್‌ಗಾರ್ಡಿನ ಒಳಬದಿಗೆ ಬಣ್ಣದಲ್ಲಿ ಬರೆದಿಡಿ. ಚೀಟಿ ಕಳೆದುಹೋಗುತ್ತೆ, ಮಡ್‌ಗಾರ್ಡು ಕಳೆಯುವುದಿಲ್ಲ.

ಎಂಜಿನ್ ಸುತ್ತು ತೋರಿಸುವ ಗಡಿಯಾರದಲ್ಲಿ 540 ಅಂತ ಒಂದು ಗುರುತು ಇರುತ್ತೆ. ಮುಳ್ಳು ಅಲ್ಲಿದ್ದಾಗ ಹಿಂದಿನ ಪಿ.ಟಿ.ಒ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಈ ವೇಗಕ್ಕೆ ಮಾಡಿದ ಒಕ್ಕಣೆ ಯಂತ್ರಕ್ಕೆ ಮುಳ್ಳನ್ನು ಅಲ್ಲೇ ನಿಲ್ಲಿಸಿ. ಬೇಗ ಮುಗಿಯಲಿ ಅಂತ ಜಾಸ್ತಿ ಎಬ್ಬಿಸಿದರೆ ಕಾಳು ಒಡೆಯುತ್ತೆ, ಯಂತ್ರ ಅದುರುತ್ತೆ. ಏನಾದರೂ ಸಿಕ್ಕಿಕೊಂಡರೆ ಪಿ.ಟಿ.ಒ. ಬಿಡಿಸಿ, ಎಂಜಿನ್ ಆಫ್ ಮಾಡಿ, ಎಲ್ಲ ನಿಂತ ಮೇಲೆ ಕೈ ಹಾಕಿ.

ಗೇರು, ಬ್ರೇಕು: ಇಲ್ಲಿ ಜೀವದ ಪ್ರಶ್ನೆ

ನಮ್ಮ ಬಹುತೇಕ ಟ್ರ್ಯಾಕ್ಟರುಗಳಿಗೆ ಮುಂದಕ್ಕೆ 8, ಹಿಂದಕ್ಕೆ 2 ಗೇರು. ಒಂದು ಲಿವರು ಗೇರಿನ ನಂಬರಿಗೆ, ಇನ್ನೊಂದು ಲೋ ಮತ್ತು ಹೈಗೆ. ಉಳುಮೆಗೆ ಲೋ, ರಸ್ತೆಗೆ ಹೈ. ಟ್ರ್ಯಾಕ್ಟರ್ ನಿಂತ ಮೇಲೆಯೇ ಲೋ-ಹೈ ಬದಲಿಸಿ. ಹೊಡೆಯುವಾಗ ಕ್ಲಚ್ ಪೆಡಲಿನ ಮೇಲೆ ಕಾಲು ಊರಿ ಕೂರಬೇಡಿ, ಪ್ಲೇಟು ಸುಟ್ಟುಹೋಗುತ್ತೆ.

ತುಂಬಿದ ಟ್ರೈಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುವವರಿದ್ದಾರೆ. ಇದು ಸಾವನ್ನು ಕರೆದು ಕೂರಿಸಿಕೊಂಡ ಹಾಗೆ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತೆ. ನ್ಯೂಟ್ರಲ್ ಆದರೆ ಟ್ರೈಲರಿನ ಭಾರವೆಲ್ಲ ಹಿಂದಿನಿಂದ ತಳ್ಳುತ್ತೆ, ಬರೀ ಬ್ರೇಕು ತಡೆಯಲಾರದು. ಯಾವ ಗೇರಿನಲ್ಲಿ ಆ ದಿಬ್ಬ ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯಿರಿ. ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು, ನಡುವೆ ಹಾಕಲು ಹೋದರೆ ಕೂರುವುದಿಲ್ಲ.

ಎಡ ಗಾಲಿಗೊಂದು, ಬಲ ಗಾಲಿಗೊಂದು ಅಂತ ಎರಡು ಬ್ರೇಕ್ ಪೆಡಲ್ ಇರುವುದು ಹೊಲದಲ್ಲಿ ತಿರುಗಿಸಲು ಮಾತ್ರ. ರಸ್ತೆಗೆ ಬರುವ ಮೊದಲು ಎರಡನ್ನೂ ಕೊಂಡಿ ಹಾಕಿ ಜೋಡಿಸಿ. ಜೋಡಿಸದೆ ವೇಗದಲ್ಲಿ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದೇ ಕಡೆಗೆ ಎಳೆದು ಮಗುಚುತ್ತೆ. ಡಿಫರೆನ್ಷಿಯಲ್ ಲಾಕು ಕೂಡ ಹಾಗೇ. ಒಂದು ಗಾಲಿ ಕೆಸರಿನಲ್ಲಿ ಸುಮ್ಮನೆ ತಿರುಗುತ್ತಿದ್ದರೆ ನೇರವಾಗಿ ಹೊರಬರಲು ಬಳಸಿ, ಲಾಕು ಬಿಟ್ಟ ಮೇಲೆಯೇ ಸ್ಟೀರಿಂಗ್ ತಿರುಗಿಸಿ.

ಕಾರು, ಪಿಕಪ್ ಇರುವವರಿಗೆ

ಈಗ ನಮ್ಮಂಥವರ ಮನೆ ಮುಂದೆಯೂ ಹಳೇ ಕಾರೋ ಪಿಕಪ್ಪೋ ನಿಂತಿರುತ್ತೆ. ಗಿಂಡಿ, ಬ್ಯಾಟರಿ ಅಲ್ಲೂ ಅವೇ. ಅಲೆಗಳ ಮೇಲೆ ನಿಂತ ಥರ್ಮಾಮೀಟರ್ ಅಂದರೆ ಎಂಜಿನ್ ಬಿಸಿ. ಕೆಲವು ಕಾರಿನಲ್ಲಿ ಇದು ಬೆಳಗ್ಗೆ ನೀಲಿಯಾಗಿ ಕಾಣುತ್ತೆ, ಎಂಜಿನ್ ಇನ್ನೂ ಕಾದಿಲ್ಲ ಅಂತ. ಕೆಂಪಾದರೆ ನಿಲ್ಲಿಸಿ.

ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯ ಕೆಂಪು ದೀಪ ಬ್ರೇಕಿನದು. ಹ್ಯಾಂಡ್ ಬ್ರೇಕ್ ಪೂರಾ ಇಳಿಸಿದ ಮೇಲೂ ಉರಿದರೆ ಬ್ರೇಕ್ ಎಣ್ಣೆ ಕಡಿಮೆಯಿರಬಹುದು, ಮುಂದೆ ಹೋಗಬೇಡಿ. ಎ.ಬಿ.ಎಸ್. ಅಂತ ಹಳದಿ ದೀಪ ಒಂದೇ ಉರಿದರೆ ಮಾಮೂಲಿ ಬ್ರೇಕು ಕೆಲಸ ಮಾಡುತ್ತೆ, ಜೋರಾಗಿ ಒತ್ತಿದರೆ ಮಾತ್ರ ಗಾಲಿ ಕಚ್ಚಿಕೊಂಡು ಜಾರಬಹುದು. ಎಂಜಿನ್ ಆಕಾರದ ಹಳದಿ ದೀಪ ಸುಮ್ಮನೆ ಉರಿದರೆ ಬೇಗ ತೋರಿಸಿ, ಮಿಣುಕಿದರೆ ವೇಗ ಇಳಿಸಿ ನಿಲ್ಲಿಸಿ.

ಡೀಸೆಲ್ ಗಾಡಿಯಲ್ಲಿ ಸುರುಳಿ ತಂತಿಯ ಹಳದಿ ದೀಪ ಆರುವ ತನಕ ಸ್ಟಾರ್ಟ್ ಮಾಡದೆ ಕಾಯಿರಿ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಡಬ್ಬಿಯೊಳಗೆ ಚುಕ್ಕೆಗಳಿರುವ ಚಿತ್ರ ಅದರದು. ಊರಿಂದ ಹೊಲಕ್ಕೆ, ಹೊಲದಿಂದ ಊರಿಗೆ ಅಂತ ಸಣ್ಣ ಓಡಾಟವೇ ಆದರೆ ಆ ಮಸಿ ಸುಟ್ಟುಹೋಗಲು ಬೇಕಾದ ಬಿಸಿ ಬರುವುದಿಲ್ಲ. ದೀಪ ಹತ್ತಿದರೆ ಪುಸ್ತಕದಲ್ಲಿ ಹೇಳಿದ ವೇಗದಲ್ಲಿ, ಸಾಮಾನ್ಯವಾಗಿ 15-20 ನಿಮಿಷ, ಹೈವೇಯಲ್ಲಿ ನಿಲ್ಲಿಸದೆ ಓಡಿಸಿದರೆ ಮಸಿ ಸುಟ್ಟು ದೀಪ ಆರುತ್ತೆ. ಆರದಿದ್ದರೆ ವರ್ಕ್‌ಶಾಪಿಗೆ ಒಯ್ಯಿರಿ.

ಕಾರಿನ ಗೇರಿನ ನಕ್ಷೆ ಗೇರ್ ಕಡ್ಡಿಯ ತಲೆಯ ಮೇಲೇ ಇರುತ್ತೆ. ರಿವರ್ಸ್ ಜಾಗ ಮಾತ್ರ ಒಂದೊಂದು ಕಾರಿನಲ್ಲಿ ಒಂದೊಂದು ಕಡೆ, ಬೇರೆಯವರ ಕಾರು ಹತ್ತಿದರೆ ಮೊದಲು ಅದನ್ನು ನೋಡಿ. ಕ್ಲಚ್ಚಿಲ್ಲದ ಕಾರಿನಲ್ಲಿ ಪಿ ನಿಲ್ಲಿಸಲು, ಆರ್ ಹಿಂದಕ್ಕೆ, ಎನ್ ನ್ಯೂಟ್ರಲ್, ಡಿ ಮುಂದಕ್ಕೆ. ಕಡಿಮೆ ಬೆಲೆಯ ಎ.ಎಂ.ಟಿ. ಕಾರುಗಳಲ್ಲಿ ಹೆಚ್ಚಿನವಕ್ಕೆ ಪಿ ಇಲ್ಲ. ಇಂಥ ಕಾರನ್ನು ಇಳಿಜಾರಿನಲ್ಲಿ ಎನ್‌ನಲ್ಲಿ ಬಿಟ್ಟು ಇಳಿದರೆ ಉರುಳುತ್ತೆ. ಬ್ರೇಕ್ ತುಳಿದು, ಗೇರಿನಲ್ಲೇ ಇಟ್ಟು ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಇಳಿಯಿರಿ.

ಮನೆಯಲ್ಲಿ ಎಲ್ಲರೂ ಕಲಿಯಲಿ

ಟ್ರ್ಯಾಕ್ಟರ್ ಕೊಟ್ಟವರು ಒಬ್ಬರಾದರೆ ಹೊಡೆಯುವವರು ಇನ್ನೊಬ್ಬರು. ಕೂಲಿಗೆ ಬರುವ ಹುಡುಗನಿಗೆ ಎಕರೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ದೀಪ ಕಂಡು ನಿಲ್ಲಿಸಿದರೆ ಬೈದರೆ, ಅವನು ಇನ್ನೊಂದು ಸಲ ನಿಲ್ಲಿಸುವುದಿಲ್ಲ. "ಕೆಂಪು ದೀಪ ಬಂದ್ರೆ ನನ್ನ ಕೇಳಬ್ಯಾಡ, ಮೊದ್ಲು ಆಫ್ ಮಾಡು, ಆಮೇಲೆ ಫೋನ್ ಮಾಡು" ಅಂತ ಮೊದಲೇ ಹೇಳಿ. ನಿಂತ ಹೊತ್ತಿನ ಕೂಲಿ ಕತ್ತರಿಸಬೇಡಿ.

ಒಂದು ರಟ್ಟಿನ ಮೇಲೆ ನಿಮ್ಮ ಗಾಡಿಯ ಚಿತ್ರಗಳನ್ನು ಮಕ್ಕಳ ಕೈಯಲ್ಲಿ ಬರೆಸಿ, ಪಕ್ಕದಲ್ಲಿ ಕನ್ನಡದಲ್ಲಿ ಎರಡೇ ಮಾತು: 'ನಿಲ್ಲಿಸು' ಅಥವಾ 'ತೋರಿಸು'. ಟ್ರ್ಯಾಕ್ಟರ್ ನಿಲ್ಲಿಸುವ ಕಡೆ ಗೋಡೆಗೆ ತೂಗುಹಾಕಿ. ಮುಂದಿನ ಹದ ಮಳೆ ಬೀಳುವ ಮೊದಲು ಈ ಕೆಲಸ ಮುಗಿದಿರಲಿ.