ಶೇಂಗಾ ಮನೀವು, ಲಿಂಬಿ ಮನೀವು

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರೈಲು ‘ಇಂಡಿ ರೋಡ್’ ಎಂಬ ನಿಲ್ದಾಣದಲ್ಲಿ ನಿಲ್ಲುತ್ತದೆ. ಹೆಸರಿನಲ್ಲೇ ಎಚ್ಚರಿಕೆಯಿದೆ. ಇಲ್ಲಿ ಸಿಗುವುದು ಇಂಡಿಗೆ ಹೋಗುವ ರಸ್ತೆ ಮಾತ್ರ; ಊರು ಬೇಕಾದವರು ಟಂಟಂ ಹತ್ತಬೇಕು. ನಾನು ಹೋಗಬೇಕಿದ್ದ ಶಾಲೆ ಇಂಡಿಯಿಂದಲೂ ಆಚೆ, ಭೀಮಾ ನದಿಯ ದಿಕ್ಕಿಗೆ. ಡಿಸೆಂಬರಿನ ಶನಿವಾರ ಬೆಳಿಗ್ಗೆ. ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು, ಬಿಳಿಜೋಳ ಎದೆಯೆತ್ತರ ನಿಂತಿತ್ತು. ನಡುನಡುವೆ ಗಿಡ್ಡ ಗಿಡ್ಡ ಲಿಂಬಿ ತೋಟಗಳು, ಬೇಲಿಗೆ ಮುಳ್ಳು, ಮೂಲೆಗೊಂದು ಕೃಷಿಹೊಂಡ.

ಶಾಲೆಯ ಹೆಸರು ಬರೆಯಬೇಡಿ ಎಂದರು ಮುಖ್ಯ ಗುರುಗಳು. “ಹೆಸರ ಬಂತಂದ್ರ ನಾಳೆ ಇನ್ನೊಂದು ಫೈಲ್ ತುಂಬೋದಾಗ್ತೈತ್ರಿ.” ಅವರ ಮಾತು ಮುಗಿಯುವ ಮೊದಲೇ ಹಿಂದಿನಿಂದ ಯಾರೋ ನನ್ನ ತೋಳು ಜಗ್ಗಿದರು. “ಸರ, ಮೆಂತೇ ಪಲ್ಲೆ ತಗೋರಿ. ಹತ್ತಕ್ಕ ಮೂರು ಸಿವುಡ. ನಿಮಗಂತ ನಾಕು.” ವ್ಯಾಪಾರಿಗೆ ಒಂಬತ್ತು ವರ್ಷ ಇದ್ದೀತು. ಅವಳಿಗಿಂತ ತಕ್ಕಡಿಯೇ ದೊಡ್ಡದು.

ಇದು ಮಕ್ಕಳ ಸಂತೆ. ಕರ್ನಾಟಕದ ಹಲವು ಸರ್ಕಾರಿ ಶಾಲೆಗಳಲ್ಲಿ ಆಗುವ ಹಬ್ಬ; ಕೆಲವು ಕಡೆ ಇದನ್ನೇ ಮೆಟ್ರಿಕ್ ಮೇಳ ಎನ್ನುತ್ತಾರೆ. ಕಿಲೋ, ಗ್ರಾಂ, ಲೀಟರು, ಚಿಲ್ಲರೆಯ ಲೆಕ್ಕ ಕಲಿಸಲು ಶುರುವಾದದ್ದು. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದೆ ಬರುವ ‘ಸಂಭ್ರಮ ಶನಿವಾರ’ ಬಂದ ಮೇಲೆ ಸಂತೆಗೆ ಒಳ್ಳೆಯ ಜಾಗ ಸಿಕ್ಕಿದೆ. ಹೆಚ್ಚಿನ ಕಡೆ ಅದು ಫೋಟೋದಲ್ಲಿ ಮುಗಿಯುತ್ತದೆ: ಅತಿಥಿಗಳು ರಿಬ್ಬನ್ ಕತ್ತರಿಸುತ್ತಾರೆ, ಬದನೆಕಾಯಿ ಕೊಳ್ಳುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನು ಇಲ್ಲಿಗೆ ಬಂದದ್ದು ಬೇರೆ ಕಾರಣಕ್ಕೆ. ಇಲ್ಲಿ ಸಂತೆ ಮುಗಿದ ಮೇಲೆ ಒಂದು ತಾಸು ಲೆಕ್ಕದ ತರಗತಿ ನಡೆಯುತ್ತದೆ, ಅದನ್ನು ನೋಡಲೇಬೇಕು ಎಂದು ಗೆಳೆಯರೊಬ್ಬರು ಹೇಳಿದ್ದರು.

ಮೊದಲು ಸಂತೆ. ಬೇವಿನ ಮರದ ಕೆಳಗೆ ಎರಡು ಸಾಲು. ಗೋಣಿತಟ್ಟಿನ ಮೇಲೆ ರಾಜಗಿರಿ, ಹುಣಸಿಕ ಪಲ್ಯ, ಮುಳ್ಳು ಬದನೆ, ಉಳ್ಳಾಗಡ್ಡಿ. ತಿನ್ನುವ ಸಾಲಿನಲ್ಲಿ ಗಿರ್ಮಿಟ್ಟು, ಕಡಕ್ ರೊಟ್ಟಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ. ಗಿರ್ಮಿಟ್ಟಿನವನ ಮುಂದೆ ಜಾತ್ರೆಯಂಥ ಗದ್ದಲ. ಊರ ಹೆಂಗಸರು ನಿಜವಾದ ಸಂತೆಯಲ್ಲಿ ಮಾಡುವಂತೆಯೇ ಚೌಕಾಸಿ ಮಾಡುತ್ತಿದ್ದರು, ಮಕ್ಕಳೆಂದು ಒಂದು ಪೈಸೆ ಬಿಡಲಿಲ್ಲ. ಅಜ್ಜಿಯೊಬ್ಬರು ತಮ್ಮ ಮೊಮ್ಮಗನ ಹತ್ತಿರವೇ ಕೊತ್ತಂಬರಿಗೆ ದರ ಕಡಿದರು. ಹುಡುಗ ಜಗ್ಗಲಿಲ್ಲ.

ಲಿಂಬಿಯ ಅಂಗಡಿ ಎರಡಿದ್ದವು, ಎದುರುಬದುರು. ಒಬ್ಬ ಹತ್ತು ರೂಪಾಯಿಗೆ ಆರು ಎಂದರೆ ಇನ್ನೊಬ್ಬ ಎಂಟು ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಇಬ್ಬರೂ ಎಂಟಕ್ಕೆ ಬಂದರು. ಲಿಂಬಿಯ ನಾಡಿನಲ್ಲಿ ಲಿಂಬಿ ಮಾರುವುದು ಸುಲಭವಲ್ಲ. ಪ್ರತಿ ಮನೆಯ ಹಿತ್ತಲಲ್ಲೂ ಇದೆ. ಸಾಲದ್ದಕ್ಕೆ ಚಳಿಗಾಲ.

ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಂಡಿಯಲ್ಲೇ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವೊಂದೂ ಇಲ್ಲಿದೆ. ತೆಳು ಸಿಪ್ಪೆ, ತುಂಬು ರಸ, ಘಮ ಎಲ್ಲ ಸರಿ. ಆದರೆ ಲಿಂಬೆಗೆ ದರ ಬರುವುದು ಬಿಸಿಲಿಗೆ, ಹಣ್ಣು ಸುರಿಯುವುದು ಮಳೆಗಾಲದಲ್ಲಿ. ಬೇಸಿಗೆಗೆ ಹಣ್ಣು ಕೈಗೆ ಸಿಗಬೇಕಾದರೆ ಗಿಡವನ್ನು ಮಳೆಗಾಲದ ಕೊನೆಗೆ ನೀರಿಲ್ಲದೆ ಬಾಡಿಸಿ, ಮತ್ತೆ ನೀರು ಕೊಟ್ಟು ಹೂ ಬಿಡಿಸಬೇಕು. ಹಸ್ತ ಮಳೆಯ ಹೆಸರಲ್ಲಿ ಇದಕ್ಕೆ ಹಸ್ತ ಬಹಾರ ಎನ್ನುತ್ತಾರೆ. ಆ ಹೂವನ್ನು ಹಣ್ಣು ಮಾಡಲು ಮಾರ್ಚ್, ಏಪ್ರಿಲ್‌ನಲ್ಲಿ ನೀರು ಬೇಕು, ಆಗಲೇ ಬೋರು ಬತ್ತುತ್ತದೆ. 2023ರಲ್ಲಿ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ಇಂಥ ವರ್ಷಗಳಲ್ಲಿ ಇಲ್ಲಿಯ ರೈತರು ಟ್ಯಾಂಕರ್ ನೀರು ಕೊಂಡು ಗಿಡಕ್ಕೆ ಹೊಯ್ಯುತ್ತಾರೆ. ಹಣ್ಣಿಗಾಗಿ ಅಲ್ಲ, ಗಿಡ ಸಾಯದಿರಲಿ ಎಂದು. ಆ ನೀರಿನ ರೊಕ್ಕವನ್ನು ಯಾವ ಹಣ್ಣಿನ ಮೇಲೆ ಹಾಕಬೇಕು? ಹತ್ತು ವರ್ಷ ಬೆಳೆಸಿದ ಗಿಡದ ಲೆಕ್ಕ ಯಾರ ವಹಿಯಲ್ಲಿದೆ?

ಹನ್ನೊಂದಕ್ಕೆ ಗಂಟೆ ಬಾರಿಸಿತು. ಅಂಗಡಿಗಳು ಎದ್ದವು. ಮಕ್ಕಳು ಜೇಬು, ಡಬ್ಬಿ, ಕರವಸ್ತ್ರದ ಗಂಟು ಹಿಡಿದು ಒಳಗೆ ಬಂದರು. ಗಣಿತದ ಅಕ್ಕೋರು ಕರಿಹಲಗೆಯ ಮೇಲೆ ಮೂರು ಗೆರೆ ಎಳೆದರು. ಬಂದದ್ದು, ಹೋದದ್ದು, ಉಳಿದದ್ದು.

ಹೋಳಿಗೆಯ ಹುಡುಗಿ ಏಳನೇ ತರಗತಿ. ನಲವತ್ತು ಹೋಳಿಗೆ, ಹತ್ತರಂತೆ ನಾನೂರು ರೂಪಾಯಿ. ಒಂದೂ ಉಳಿದಿಲ್ಲ.

“ಖರ್ಚ ಎಷ್ಟವ್ವಾ?”

“ಖರ್ಚ ಏನಿಲ್ರಿ ಅಕ್ಕಾರ. ಶೇಂಗಾ ಮನೀವು, ಗೋದಿ ಮನೀವು. ಬೆಲ್ಲಾನೂ ಇತ್ತು.”

“ಮನೀವು ಅಂದ್ರ ಪುಕ್ಕಟೇನು?”

ಹುಡುಗಿ ಸುಮ್ಮನಾದಳು. ಅಕ್ಕೋರು ಬಿಡಲಿಲ್ಲ. ಅದೇ ಶೇಂಗಾ ನಿಮ್ಮಪ್ಪ ಮಾರಿದ್ದರೆ ಎಷ್ಟು ಬರುತ್ತಿತ್ತು? ಒಂದೂವರೆ ಕಿಲೋಗೆ ನೂರಾ ಎಂಬತ್ತು ಎಂದು ತರಗತಿಯೇ ಹೇಳಿತು. ಬೆಲ್ಲ ಐವತ್ತು, ಹಿಟ್ಟು ಮೂವತ್ತು, ಎಣ್ಣೆ ಮೂವತ್ತು, ಗ್ಯಾಸು ಇಪ್ಪತ್ತು. ಮುನ್ನೂರ ಹತ್ತು. ಉಳಿದದ್ದು ತೊಂಬತ್ತು. ಹುಡುಗಿಯ ಮುಖ ಸಣ್ಣದಾಯಿತು. ಆದರೂ ತೊಂಬತ್ತು ತೊಂಬತ್ತೇ.

“ಮಾಡಿದವರು ಯಾರು?”

“ಅವ್ವ. ನಾ ಲಟ್ಟಿಸಿದ್ನಿ. ಮೂರು ತಾಸ ಹಿಡೀತ್ರಿ.”

ಅಕ್ಕೋರು ಒಂದು ಸಂಖ್ಯೆ ಬರೆದರು: 370. 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಜಾರಿಯಲ್ಲಿದ್ದ ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿ. ಅದು ಮಕ್ಕಳಿಗೆಲ್ಲ ಗೊತ್ತು. ಹಲವರ ತಾಯಂದಿರು ಬದು ಹಾಕಲು, ಹೂಳೆತ್ತಲು ಹೋದವರು. ಎಂಟು ತಾಸಿಗೆ 370 ಆದರೆ ಮೂರು ತಾಸಿಗೆ? ಹಿಂದಿನ ಬೆಂಚಿನ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಕೂಗಿದ: ನೂರಾ ಮೂವತ್ತೆಂಟು ಎಪ್ಪತ್ತೈದು. ಅಂದರೆ ಹೋಳಿಗೆಯ ಹುಡುಗಿ ನಲವತ್ತೆಂಟು ರೂಪಾಯಿ ಎಪ್ಪತ್ತೈದು ಪೈಸೆ ಲುಕ್ಸಾನು. ತರಗತಿ ನಕ್ಕಿತು. ಹುಡುಗಿ ನಗಲಿಲ್ಲ. ಹಾಳೆಯ ಮೂಲೆಯಲ್ಲಿ ಏನೋ ಗೀಚಿ, “ಹನ್ನೆರಡಕ್ಕ ಮಾರಬೇಕಿತ್ರಿ” ಎಂದಳು.

ಹನ್ನೆರಡಕ್ಕೆ ಕೊಳ್ಳುತ್ತಿದ್ದರೋ ಇಲ್ಲವೋ ಬೇರೆ ಮಾತು. ಆದರೆ ಅವಳು ಆ ದಿನ ಮಾಡಿದ ಗುಣಾಕಾರವನ್ನು ಅವಳ ಊರಿನ ಒಕ್ಕಲುತನ ಇನ್ನೂ ಮಾಡಿಲ್ಲ. ನಮ್ಮ ಕಡೆ ‘ಮನೀವು’ ಎಂಬ ಮಾತು ಬಂದರೆ ಲೆಕ್ಕ ನಿಲ್ಲುತ್ತದೆ. ಮನೆಯ ಶೇಂಗಾ, ಮನೆಯ ಎತ್ತು, ಮನೆಯ ಹೆಂಗಸು, ಮನೆಯ ಬೋರು. ಲಿಂಬಿ ತೋಟದಲ್ಲಿ ಮುಳ್ಳು ಚುಚ್ಚಿಸಿಕೊಂಡು ಹಣ್ಣು ಆರಿಸುವ ಮನೆಯ ಹೆಂಗಸರ ಕೂಲಿ ಯಾವ ಚೀಟಿಯಲ್ಲೂ ಕಾಣುವುದಿಲ್ಲ.

ಶಾಲೆಯಲ್ಲಿ ದುಡಿಮೆ ಕಲಿಸುವ ಮಾತು ಹೊಸದೇನಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ನಯೀ ತಾಲೀಮ್ ಎಂಬ ಶಿಕ್ಷಣ ಕ್ರಮವನ್ನು ಮುಂದಿಟ್ಟಾಗ, ಮಕ್ಕಳ ಕೈಕೆಲಸದ ಗಳಿಕೆಯಿಂದ ಕ್ರಮೇಣ ಶಿಕ್ಷಕರ ಸಂಬಳವೂ ಹುಟ್ಟಬೇಕು ಎಂಬ ಆಸೆಯಿತ್ತು. ಹಾಗಾದರೆ ಶಾಲೆ ಕಾರ್ಖಾನೆಯಾದೀತು ಎಂಬ ಅಂಜಿಕೆ ಆಗಲೇ ಕೇಳಿಬಂದಿತ್ತು. ಗಡಿಯಾಚೆ ಸಾತಾರೆಯ ಕಡೆ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಗಳಿಸುತ್ತ ಕಲಿಯುವ ದಾರಿಯಲ್ಲಿ ಬಡವರ ಮಕ್ಕಳನ್ನು ಓದಿಸಿದರು. ನಮ್ಮ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್‌.ಡಿ.ಇ. ಶಿಕ್ಷಣ ಸಂಸ್ಥೆಗೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೂ ಕಾರಣರಾದರು. ವಚನಗಳ ತಾಳೆಗರಿ ಹುಡುಕಿಕೊಂಡು ಅಲೆದ ಅದೇ ಮನುಷ್ಯ ಶಾಲೆಯನ್ನೂ ಬ್ಯಾಂಕನ್ನೂ ಎರಡು ವರ್ಷದ ಅಂತರದಲ್ಲಿ ಕಟ್ಟಿದ್ದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಅಕ್ಷರ ಒಂದು ಕಡೆ, ರೊಕ್ಕ ಒಂದು ಕಡೆ ಎಂದು ಅವರು ಎಣಿಸಿರಲಿಲ್ಲ.

ಶಾಲೆ ಕಾರ್ಖಾನೆಯಾದೀತು ಎಂಬ ಅಂಜಿಕೆಗೆ ಇಲ್ಲಿ ಕಾರಣವೂ ಇದೆ. ಕಬ್ಬು ಕಡಿಯಲು, ಗೋವಾ, ಮುಂಬೈಯಲ್ಲಿ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಸೀಮೆ ಇದು. ಮಕ್ಕಳು ದುಡಿಯುವುದನ್ನು ಇಲ್ಲಿ ಯಾರೂ ಕಲಿಸಬೇಕಿಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿಯಾದಾಗಲೂ ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಲು ಬಾಗಿಲು ತೆರೆದೇ ಉಳಿಯಿತು. ಹಾಗಾಗಿ ಸಂತೆಯಲ್ಲಿ ಕೂಗುವ ಮಗುವನ್ನು ಕಂಡು ‘ಭಾವೀ ಉದ್ಯಮಿ’ ಎಂದು ಹಿಗ್ಗುವವರನ್ನು ಕಂಡರೆ ನನಗೆ ಸ್ವಲ್ಪ ಇರುಸುಮುರುಸು. ಕೂಗುವುದನ್ನು ಮಗು ಮನೆಯಲ್ಲೇ ಕಲಿತಿದೆ. ಶಾಲೆ ಕೊಡಬಹುದಾದದ್ದು ಹಲಗೆಯ ಮೇಲಿನ ಆ ಎರಡನೇ ಗೆರೆ, ‘ಹೋದದ್ದು’.

ಲಿಂಬಿಯ ಹುಡುಗನ ಸರದಿ ಬಂತು. ಎಂಟಕ್ಕೆ ಇಳಿದು ಬೇಸತ್ತು, ಉಳಿದ ಹಣ್ಣನ್ನು ಅವನು ಶರಬತ್ತು ಮಾಡಿದ್ದ. ಬಿಸಿಲೇರುತ್ತಿದ್ದಂತೆ ಲೋಟಕ್ಕೆ ಐದರಂತೆ ಮಾರಾಟವಾಗಿತ್ತು. ಮೌಲ್ಯವರ್ಧನೆ ಎಂದು ನಾನು ಮನಸ್ಸಿನಲ್ಲೇ ಶಿರೋನಾಮೆ ಕೊಟ್ಟಿದ್ದೆ. ಅಕ್ಕೋರು ಕೇಳಿದ್ದು ಬೇರೆ: ಲೋಟ ಯಾವುದು?

ಅದು ದೊಡ್ಡ ಜಗಳವೇ ಆಯಿತು. ಹುಡುಗ ಬಿಸಿಯೂಟದ ಸ್ಟೀಲ್ ಲೋಟ ಬಳಸಿ, ಒಂದೊಂದು ಸಲವೂ ಶಾಲೆಯ ಟಾಕಿಯ ನೀರಿನಲ್ಲಿ ತೊಳೆದಿದ್ದ. ನಾಲ್ಕು ಕೊಡ ನೀರು. ಕಾಗದದ ಲೋಟ ತಂದಿದ್ದರೆ ಒಂದೊಂದಕ್ಕೆ ಒಂದು ರೂಪಾಯಿ ಹೋಗುತ್ತಿತ್ತು, ಕಸವೂ ಆಗುತ್ತಿತ್ತು. “ಕಾಗದದ್ದು ಸುಡಬಹುದ್ರಿ” ಎಂದನೊಬ್ಬ. ಅದರ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಸುಟ್ಟರೆ ನಾತ ಎಂದಳು ಇನ್ನೊಬ್ಬಳು. ನೀರಿಗೆ ದರ ಕಟ್ಟಬೇಕೋ ಬೇಡವೋ? ಟಾಕಿಯದು ಪುಕ್ಕಟೆ ಎಂದು ಹುಡುಗ ಹಟ ಹಿಡಿದ. ಬೇಸಿಗೆಯಲ್ಲಿ ನಿಮ್ಮಪ್ಪ ಟ್ಯಾಂಕರಿಗೆ ಎಷ್ಟು ಕೊಟ್ಟ ಎಂದು ಪಕ್ಕದವನೇ ಕೇಳಿದ. ಹುಡುಗ ಹಟ ಬಿಟ್ಟ. ಕೊಡಕ್ಕೆ ಎಷ್ಟು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಹಲಗೆಯ ಮೇಲೆ ‘ನೀರು’ ಎಂದು ಬರೆದು ಎದುರಿಗೆ ಖಾಲಿ ಬಿಟ್ಟರು.

ನಡುವೆ ಬಿಡುವು. ಅಡುಗೆಮನೆಯ ಹಿಂದೆ ಶಾಲೆಯ ‘ಅಕ್ಷರ ಕೈತೋಟ’ ನೋಡಿದೆ. ಕೈತೊಳೆಯುವ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬರುತ್ತದೆ, ಬಿಸಿಯೂಟದ ಸಿಪ್ಪೆ ಗುಂಡಿಯಲ್ಲಿ ಗೊಬ್ಬರವಾಗುತ್ತದೆ. ನುಗ್ಗೆ, ಕರಿಬೇವು, ಎರಡು ಲಿಂಬಿ ಗಿಡ. ಬದನೆ, ಟೊಮೆಟೊ ಯಾಕಿಲ್ಲ ಎಂದೆ. ಅಡುಗೆಯ ಅಮ್ಮ ನಕ್ಕರು. “ಏಪ್ರಿಲ್ ಮೇ ಸೂಟೀರಿ. ನೀರ ಹಾಕೋರ ಯಾರು? ಜೂನಿಗೆ ಬಂದ್ರ ಎಲ್ಲಾ ಒಣಕಟಿಗಿ. ಮೂರ ವರ್ಷ ಹಂಗ ಆತು. ಈಗ ಸಾಯಲಾರದ್ದ ಅಷ್ಟ ಇಟ್ಟೀವಿ.” ಶಾಲಾ ತೋಟಗಳ ಬಗ್ಗೆ ನಾನು ಓದಿದ ವರದಿಗಳಲ್ಲಿ ಮೇ ತಿಂಗಳು ಇರುವುದಿಲ್ಲ.

ಒಳಗೆ ಬಂದಾಗ ಅಕ್ಕೋರು ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆ ಹೇಳುತ್ತಿದ್ದರು. ಗಂಡ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಅದನ್ನು ತಂದಲ್ಲೇ ಹಾಕಿ ಬಾ ಎಂದು ತಿರುಗಿ ಕಳಿಸಿದಳು. ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆಯಲ್ಲಿ ಈ ಕತೆ ಕೇಳದ ಮಗುವಿಲ್ಲ. ಹೋಳಿಗೆಯ ಹುಡುಗಿ ಕೈ ಎತ್ತಿದಳು.

“ಹಂಗಾರ ಲಾಭ ಮಾಡಬಾರದೇನ್ರಿ ಅಕ್ಕಾರ?”

ಅಕ್ಕೋರು ಸೀಮೆಸುಣ್ಣ ಕೈಯಲ್ಲಿ ತಿರುವುತ್ತ ನಿಂತರು. “ನೀ ಅದನ್ನ ಸೋಮವಾರ ಕೇಳು. ನಾನೂ ವಿಚಾರ ಮಾಡ್ತೀನಿ” ಎಂದರು. ಆ ಉತ್ತರ ನನಗೆ ಹಿಡಿಸಿತು.

ಕೊನೆಗೆ ಎಲ್ಲರ ‘ಉಳಿದದ್ದು’ ಸಾಲಾಗಿ ಬರೆದಾಗ ಮೊದಲ ಸ್ಥಾನ ಬಂದದ್ದು ಯಾರೂ ಎಣಿಸದವನಿಗೆ. ಅವನು ಏನನ್ನೂ ಬೆಳೆದಿರಲಿಲ್ಲ, ಮಾಡಿರಲಿಲ್ಲ. ಇಂಡಿಯ ಅಂಗಡಿಯಿಂದ ಎಂಟರಂತೆ ಖಾರದ ಪ್ಯಾಕೆಟ್ ತಂದು ಹತ್ತರಂತೆ ಅರವತ್ತು ಮಾರಿದ್ದ. ನೂರಿಪ್ಪತ್ತು ನಿವ್ವಳ. ಅವ್ವನ ಕೂಲಿಯಿಲ್ಲ, ಗ್ಯಾಸಿಲ್ಲ, ನೀರಿಲ್ಲ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಹೋಳಿಗೆಯ ಹುಡುಗಿ ಹಲಗೆಯನ್ನು ಬಹಳ ಹೊತ್ತು ನೋಡಿದಳು.

ಅಕ್ಕೋರು ಅವನ ಬೆನ್ನು ತಟ್ಟಿದರು. ಆಮೇಲೆ, “ಪ್ಯಾಕೀಟ ಎಲ್ಲಿ ಅದಾವು?” ಎಂದರು.

“ತಿಂದಾರಲ್ರಿ.”

“ಒಳಗಿಂದು ತಿಂದಾರ. ಹೊರಗಿಂದು?”

ಹುಡುಗ ಗೋಣಿಚೀಲ ಹಿಡಿದು ಬಯಲಿಗೆ ಹೋದ. ನಾನು ಚಹಾ ಕುಡಿಯುವಷ್ಟು ಹೊತ್ತು ಅವನು ಬೇವಿನ ಬುಡ, ಕೈತೋಟದ ಬೇಲಿ, ಶೌಚಾಲಯದ ಹಿಂಬದಿ ಸುತ್ತಿದ. ಬಂದು ಚೀಲ ಇಟ್ಟು ಎಣಿಸಿದ.

“ನಲವತ್ತೊಂದು ಸಿಕ್ಕಾವ್ರಿ.”

“ಉಳಿದ ಹತ್ತೊಂಬತ್ತು?”

ಅವನು ಕೈ ತೋರಿಸಿದ. ಕಾಂಪೌಂಡಿನ ಆಚೆ, ಎದೆಯೆತ್ತರದ ಜೋಳದಲ್ಲಿ, ಅಲ್ಲಲ್ಲಿ ಏನೋ ಮಿಂಚುತ್ತಿತ್ತು.

“ಅದು ನಮ್ಮ ಹೊಲಾನ ಐತ್ರಿ” ಎಂದ.