ಬೇರು ಬರಿಸುವ ಚೋದಕಗಳ ಹಿತಮಿತ ಬಳಕೆ

ಕಾಂಡದ ತುಂಡುಗಳಿಂದ ಸಸಿ ಮಾಡುವುದು ರೈತರಿಗೆ ಹೊಸ ವಿದ್ಯೆಯಲ್ಲ. ಹಿಪ್ಪುನೇರಳೆ, ಕಾಳುಮೆಣಸು, ದ್ರಾಕ್ಷಿ, ದಾಳಿಂಬೆ, ಅಂಜೂರ, ಮಲ್ಲಿಗೆ ಇವೆಲ್ಲವೂ ಕಡ್ಡಿ ನೆಟ್ಟು ಬೆಳೆಸುವ ಬೆಳೆಗಳೇ. ಬೀಜದಿಂದ ಬಂದ ಗಿಡ ತಾಯಿಯಂತೆಯೇ ಇದ್ದೀತೆಂಬ ಭರವಸೆಯಿಲ್ಲ. ಕಡ್ಡಿಯಿಂದ ಬಂದ ಗಿಡ ತಾಯಿಯ ಗುಣವನ್ನೇ ಹೊತ್ತು ಬರುತ್ತದೆ. ಆದರೆ ನೆಟ್ಟ ಕಡ್ಡಿಗಳೆಲ್ಲವೂ ಬೇರೊಡೆಯುವುದಿಲ್ಲ. ಕೆಲವು ಚಿಗುರಿ ಆಸೆ ಹುಟ್ಟಿಸಿ, ತಿಂಗಳೊಪ್ಪತ್ತಿನಲ್ಲಿ ಒಣಗಿಹೋಗುತ್ತವೆ. ಕಿತ್ತು ನೋಡಿದರೆ ಒಂದು ಬೇರೂ ಇರುವುದಿಲ್ಲ. ಈ ನಷ್ಟವನ್ನು ಕಡಿಮೆ ಮಾಡಲೆಂದೇ ಬೇರು ಬರಿಸುವ ಚೋದಕಗಳು ಬಳಕೆಗೆ ಬಂದಿವೆ. ಎಲ್ಲಿ ಇವುಗಳಿಂದ ಪ್ರಯೋಜನವಿದೆ, ಎಲ್ಲಿ ಹಣ ದಂಡ ಎಂಬುದನ್ನು ತಿಳಿದು ಬಳಸುವುದು ಮುಖ್ಯ.

ಚೋದಕ ಮಾಡುವ ಕೆಲಸ

ಗಿಡದ ಮೊಗ್ಗು ಮತ್ತು ಎಳೆಯ ಎಲೆಗಳಲ್ಲಿ ಆಕ್ಸಿನ್ ಎಂಬ ವಸ್ತು ತಾನಾಗಿಯೇ ತಯಾರಾಗಿ ಕೆಳಮುಖವಾಗಿ ಹರಿಯುತ್ತದೆ. ಕಡ್ಡಿಯನ್ನು ಕತ್ತರಿಸಿದಾಗ ಅದು ಬುಡದ ಗಾಯದ ಬಳಿ ಶೇಖರವಾಗಿ, ಅಲ್ಲಿನ ಜೀವಕೋಶಗಳು ಒಡೆದು ಬೇರಿನ ಮೊಳಕೆಗಳಾಗಲು ಸೂಚನೆ ಕೊಡುತ್ತದೆ. ಇದೇ ಗುಣವುಳ್ಳ ಇಂಡೋಲ್ ಬ್ಯುಟಿರಿಕ್ ಆಮ್ಲ (ಐ.ಬಿ.ಎ.) ಹಾಗೂ ನ್ಯಾಫ್ತಲೀನ್ ಅಸಿಟಿಕ್ ಆಮ್ಲ (ಎನ್.ಎ.ಎ.) ಬೇರು ಬರಿಸಲು ಸಮರ್ಥವೆಂಬುದನ್ನು 1935ರಲ್ಲಿ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ತೋರಿಸಿಕೊಟ್ಟರು. ಇಂದಿಗೂ ಸಸ್ಯಾಭಿವೃದ್ಧಿ ಕ್ಷೇತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಐ.ಬಿ.ಎ. ಯೇ. ಅದು ಕಡ್ಡಿಯಲ್ಲಿ ಬೇಗ ನಾಶವಾಗುವುದಿಲ್ಲ, ಹಚ್ಚಿದ ಜಾಗದಿಂದ ಹೆಚ್ಚು ದೂರ ಹರಿದುಹೋಗುವುದೂ ಇಲ್ಲ.

ಒಂದು ಮಾತನ್ನು ಮರೆಯಬಾರದು. ಚೋದಕವು ಸೂಚನೆಯೇ ಹೊರತು ಆಹಾರವಲ್ಲ. ಬೇರು ಬೆಳೆಯಲು ಬೇಕಾದ ಪಿಷ್ಟ ಕಡ್ಡಿಯೊಳಗೇ ಇರಬೇಕು. ನೆರಳಿನಲ್ಲಿ ಸೊರಗಿದ, ವಿಪರೀತ ಸಾರಜನಕ ಉಂಡು ಮೆತ್ತಗೆ ಬೆಳೆದ ಅಥವಾ ರೋಗ ತಗುಲಿದ ರೆಂಬೆಯನ್ನು ಯಾವ ದ್ರಾವಣದಲ್ಲಿ ಅದ್ದಿದರೂ ಫಲವಿಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ

ಹಿಪ್ಪುನೇರಳೆಯ ಎಂ-5 ಮತ್ತು ವಿ-1 ತಳಿಗಳು ಚೋದಕವಿಲ್ಲದೆ ಚೆನ್ನಾಗಿ ಬೇರೂರುತ್ತವೆ. ಇವುಗಳಿಗೆ ಐ.ಬಿ.ಎ. ಕೊಳ್ಳುವುದು ಹರಿಯುವ ಹೊಳೆಗೆ ನೀರು ಹೊತ್ತಂತೆ. ಎಸ್-36 ತಳಿಯ ಮಾತು ಬೇರೆ. ಎಲೆ ಉತ್ತಮವಾದರೂ ಬೇರೂರುವ ಶಕ್ತಿ ಕಡಿಮೆಯಾದ್ದರಿಂದ ಅಲ್ಲಿ ಉಪಚಾರಕ್ಕೆ ಅರ್ಥವಿದೆ. ದ್ರಾಕ್ಷಿಯಲ್ಲೂ ಹೀಗೆಯೇ. ಬೆಂಗಳೂರು ನೀಲಿ ಸುಲಭವಾಗಿ ಬೇರೊಡೆಯುತ್ತದೆ. ಕ್ಷಾರ ಭೂಮಿಗೆಂದು ಬೇರುಸಸಿಯಾಗಿ ಬಳಸುವ ಡಾಗ್‌ರಿಡ್ಜ್ ಅಷ್ಟು ಸುಲಭವಲ್ಲ. ಕಬ್ಬಿನ ತುಂಡಿನ ಗೆಣ್ಣಿನ ಸುತ್ತ ಬೇರಿನ ಮೊಳಕೆಗಳು ಮೊದಲೇ ಸಿದ್ಧವಾಗಿರುತ್ತವೆ, ಅವಕ್ಕೆ ತೇವವೊಂದಿದ್ದರೆ ಸಾಕು. ಮಾವು, ಗೇರುಗಳನ್ನು ಕಸಿಯಿಂದಲೇ ಬೆಳೆಸುವುದು ಲೇಸು. ತೆಂಗು, ಅಡಿಕೆಗಳಲ್ಲಂತೂ ಕಡ್ಡಿ ನೆಡುವ ಪ್ರಶ್ನೆಯೇ ಇಲ್ಲ.

ಕಾಳುಮೆಣಸನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಳ್ಳಿಯ ಬುಡದಿಂದ ನೆಲದ ಮೇಲೆ ಹಬ್ಬುವ ಬಳ್ಳಿಗಳನ್ನು ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಕತ್ತರಿಸಿ, ತೀರಾ ಎಳೆಯ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು, ನಡುಭಾಗದಿಂದ ಎರಡು-ಮೂರು ಗೆಣ್ಣುಗಳ ತುಂಡು ಮಾಡುವುದು ರೂಢಿ. ಎಲೆಯನ್ನು ಚಿವುಟಿ ತೊಟ್ಟನ್ನು ಉಳಿಸಬೇಕು. ಬುಡವನ್ನು 1000 ಪಿ.ಪಿ.ಎಂ. ಐ.ಬಿ.ಎ. ದ್ರಾವಣದಲ್ಲಿ 45 ಸೆಕೆಂಡು ಅದ್ದಿ ನೆಟ್ಟರೆ ಬೇರುಗಳ ಸಂಖ್ಯೆ ಹೆಚ್ಚುತ್ತದೆ. ಹಬ್ಬುಬಳ್ಳಿ ಚೋದಕವಿಲ್ಲದೆಯೂ ಬೇರೊಡೆಯಬಲ್ಲದು. ಆದರೆ ಪೊದೆಮೆಣಸು ಮಾಡಲು ಪಕ್ಕದ ಫಲದ ರೆಂಬೆಗಳನ್ನು ಬಳಸುವಾಗ ಉಪಚಾರ ಅಗತ್ಯವೆಂದೇ ಹೇಳಬೇಕು. ಪಕ್ಕದ ರೆಂಬೆಗೆ ಎಷ್ಟೇ ಚೋದಕ ಹಚ್ಚಿದರೂ ಅದರಿಂದ ಪೊದೆಯೇ ಬರುತ್ತದೆ, ಮರ ಹತ್ತುವ ಬಳ್ಳಿ ಬರುವುದಿಲ್ಲ. ಇದನ್ನು ತಿಳಿಯದೆ ಸಸಿ ಕೊಂಡು ಹಾಲವಾಣದ ಬುಡದಲ್ಲಿ ನೆಟ್ಟವರು ವರ್ಷಗಟ್ಟಲೆ ಕಾದು ನಿರಾಶರಾಗುತ್ತಾರೆ.

ದಾಳಿಂಬೆಯಲ್ಲಿ ಎಚ್ಚರ

ದಾಳಿಂಬೆಗೆ ಪೆನ್ಸಿಲ್ ಗಾತ್ರದ, 20ರಿಂದ 25 ಸೆಂ.ಮೀ. ಉದ್ದದ ಬಲಿತ ಕಡ್ಡಿಗಳನ್ನು ಆಯ್ದು 2000-2500 ಪಿ.ಪಿ.ಎಂ. ದ್ರಾವಣದಲ್ಲಿ ಅದ್ದುವುದುಂಟು. ಇಲ್ಲಿ ಚೋದಕಕ್ಕಿಂತ ದೊಡ್ಡ ಪ್ರಶ್ನೆ ತಾಯಿಗಿಡದ್ದು. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗದ ಕಡೆಯ ತೋಟಗಳನ್ನು ಹಾಳುಗೆಡವಿದ ದುಂಡಾಣು ಅಂಗಮಾರಿ ರೋಗವು ಮುಖ್ಯವಾಗಿ ಸೋಂಕು ತಗುಲಿದ ಸಸಿಗಳ ಮೂಲಕವೇ ಊರಿಂದೂರಿಗೆ ಹೋಗುತ್ತದೆ. ರೋಗದ ತೋಟದ ಕಡ್ಡಿಗೆ ಚೋದಕ ಹಚ್ಚಿದರೆ ಬೇರು ಬಂದೀತು, ಬೇರಿನೊಡನೆ ರೋಗವೂ ಹೊಸ ತೋಟಕ್ಕೆ ಬಂದೀತು. ಸಾಲದೆಂಬಂತೆ ನೂರಾರು ಕಡ್ಡಿಗಳನ್ನು ಒಂದೇ ಪಾತ್ರೆಯಲ್ಲಿ ಸರದಿಯಂತೆ ಅದ್ದಿದರೆ, ಒಂದೆರಡು ಸೋಂಕಿನ ಕಡ್ಡಿಗಳಿಂದ ಉಳಿದವಕ್ಕೂ ದುಂಡಾಣು ಅಂಟುವ ಸಂಭವವಿದೆ. ಆದ್ದರಿಂದ ದ್ರಾವಣವನ್ನು ಚಿಕ್ಕ ಬಟ್ಟಲಿಗೆ ಬೇಕಾದಷ್ಟೇ ಸುರಿದುಕೊಂಡು, ಒಂದು ಕಂತಿನ ಕಡ್ಡಿ ಮುಗಿದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಸೀಸೆಗೆ ಮರಳಿ ಹಾಕಕೂಡದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಶುಚಿ ಮಾಡತಕ್ಕದ್ದು. ಮೆಣಸಿನಲ್ಲೂ ಸೊರಗು ರೋಗವಿರುವ ತೋಟದ ಬಳ್ಳಿಯನ್ನು ಮುಟ್ಟಲೇಬಾರದು.

ದ್ರಾವಣ ತಯಾರಿಸುವ ಕ್ರಮ

ಐ.ಬಿ.ಎ. ನೀರಿನಲ್ಲಿ ನೇರವಾಗಿ ಕರಗುವುದಿಲ್ಲ. ಒಂದು ಗ್ರಾಂ ಐ.ಬಿ.ಎ.ಯನ್ನು ಅರ್ಧ ಲೀಟರ್ ಮದ್ಯಸಾರದಲ್ಲಿ ಪೂರ್ತಿ ಕರಗಿಸಿ, ಶುದ್ಧ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ 1000 ಪಿ.ಪಿ.ಎಂ. ದ್ರಾವಣವಾಗುತ್ತದೆ, ಎರಡು ಗ್ರಾಂ ಹಾಕಿದರೆ 2000. ರೈತನಿಗೆ ಒಂದು ಲೀಟರ್ ಬೇಕಾಗುವುದು ಅಪರೂಪ. ನೂರು ಮಿಲಿ ಲೀಟರಿಗೆ ಗ್ರಾಮಿನ ಹತ್ತನೆಯ ಒಂದು ಭಾಗ ತೂಗಬೇಕು. ಇದನ್ನು ಚಮಚದ ಅಂದಾಜಿನಲ್ಲಿ ಮಾಡುವುದು ಸಲ್ಲದು. ಅಕ್ಕಸಾಲಿಗರ ತಕ್ಕಡಿ ಅಥವಾ ಹತ್ತಿರದ ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿ ಸಿಕ್ಕರೆ ಸರಿ, ಇಲ್ಲವಾದರೆ ಸಿದ್ಧ ಪುಡಿಯೇ ಮೇಲು. ಮದ್ಯಸಾರ ಬೇಗ ಬೆಂಕಿ ಹಿಡಿಯುವ ವಸ್ತು; ಒಲೆ, ಬೀಡಿಗಳಿಂದ ದೂರವಿರಬೇಕು. ದ್ರಾವಣವನ್ನು ಕಂದು ಬಣ್ಣದ ಸೀಸೆಯಲ್ಲಿ ತುಂಬಿ, ಹೆಸರು ಬರೆದು, ತಂಪಾದ ಕತ್ತಲ ಜಾಗದಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಕಡ್ಡಿಯ ಬುಡದ ಒಂದೆರಡು ಸೆಂಟಿಮೀಟರ್ ಮಾತ್ರ ಮುಳುಗಬೇಕು. ಅನಂತರ ಮದ್ಯಸಾರ ಆರುವವರೆಗೆ ಕೆಲವು ನಿಮಿಷ ಗಾಳಿಗೆ ಬಿಟ್ಟು ನೆಡಬೇಕು. ಪುಡಿಯಾದರೆ ಒದ್ದೆ ಬುಡಕ್ಕೆ ತಾಗಿಸಿ, ತಟ್ಟಿ, ಹೆಚ್ಚಾದದ್ದನ್ನು ಉದುರಿಸಿ, ಮೊದಲೇ ಕೋಲಿನಿಂದ ಮಾಡಿದ ಗುಳಿಯಲ್ಲಿ ಇಳಿಸಬೇಕು. ಮರಳಿನಲ್ಲಿ ಒತ್ತಿ ನೆಟ್ಟರೆ ಪುಡಿಯೆಲ್ಲ ಮೇಲೆಯೇ ಉಳಿಯುತ್ತದೆ. ಕಡ್ಡಿ ತಲೆಕೆಳಗಾಗದಂತೆ ಬುಡವನ್ನು ನೇರವಾಗಿಯೂ ತುದಿಯನ್ನು ಓರೆಯಾಗಿಯೂ ಕತ್ತರಿಸುವುದು ಒಳ್ಳೆಯ ಅಭ್ಯಾಸ.

ಮಿತಿ ಮೀರಿದರೆ

ಒಂದು ಪಾಲಿಗೆ ಇಷ್ಟು ಬೇರು ಬಂದರೆ ಎರಡು ಪಾಲಿಗೆ ಎರಡರಷ್ಟು ಬಂದೀತೆಂದು ಎಣಿಸುವವರುಂಟು. ನಡೆಯುವುದು ವಿರುದ್ಧ. ಪ್ರಮಾಣ ಹೆಚ್ಚಾದಾಗ ಬುಡ ಊದಿಕೊಂಡು ಗಂಟಾಗುತ್ತದೆ, ತೊಗಟೆ ಕಪ್ಪಾಗುತ್ತದೆ, ಮೊಗ್ಗು ಏಳುವುದಿಲ್ಲ. ಕಳೆನಾಶಕವಾದ 2,4-ಡಿ ಕೂಡ ಇದೇ ಆಕ್ಸಿನ್ ವರ್ಗಕ್ಕೆ ಸೇರಿದ್ದೆಂದರೆ ಅಪಾಯ ಅರ್ಥವಾದೀತು. ಹೂ-ಕಾಯಿ ಉದುರುವುದನ್ನು ತಡೆಯಲು ಮಾರುವ ಎನ್.ಎ.ಎ. ದ್ರಾವಣದಲ್ಲಿ ಶೇಕಡಾ 4.5ರಷ್ಟು, ಎಂದರೆ 45,000 ಪಿ.ಪಿ.ಎಂ. ಸಾರವಿರುತ್ತದೆ. ಅದರಲ್ಲಿ ಕಡ್ಡಿಯನ್ನು ನೇರವಾಗಿ ಅದ್ದಿದರೆ ಸುಟ್ಟಂತೆಯೇ ಸರಿ.

ಬೆಳೆದು ನಿಂತ ಟೊಮೇಟೊ, ಶುಂಠಿ, ಬಾಳೆಗಳ ಬುಡಕ್ಕೆ ಸುರಿಯಲು ‘ಬೇರು ಬೆಳೆಸುವ’ ಔಷಧಿಗಳೆಂದು ಅಂಗಡಿಗಳಲ್ಲಿ ಸಿಗುವುದು ಬೇರೆಯೇ ಸಾಮಗ್ರಿ. ಇವುಗಳಲ್ಲಿ ಹೆಚ್ಚಾಗಿ ಹ್ಯೂಮಿಕ್ ಆಮ್ಲ, ಕಡಲಪಾಚಿಯ ಸಾರ ಮುಂತಾದವಿರುತ್ತವೆ. ಇಂಥ ಜೈವಿಕ ಪ್ರಚೋದಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ಆದುದರಿಂದ ಒಳಗಿರುವ ವಸ್ತು ಮತ್ತು ಪ್ರಮಾಣ ಬರೆಯದ ಡಬ್ಬಿಯನ್ನು ಕೊಳ್ಳದಿರುವುದು ವಾಸಿ. ನೀರು ನಿಂತು ಗಾಳಿಯಾಡದ ಕಪ್ಪುಮಣ್ಣಿನಲ್ಲಿ ಬೇರು ಕೊಳೆಯುತ್ತಿದ್ದರೆ ಅಲ್ಲಿ ಬೇಕಾದದ್ದು ಬಸಿಗಾಲುವೆ. ಜಂತುಹುಳುವಿನಿಂದ ಬೇರು ಗಂಟುಗಟ್ಟಿದ್ದರೆ ಅದರ ಹತೋಟಿಯ ಕ್ರಮವೇ ಬೇರೆ.

ಪ್ರಯೋಜನ ತಿಳಿಯುವ ಬಗೆ

ಒಂದೇ ದಿನ, ಒಂದೇ ತಾಯಿಗಿಡದಿಂದ ತೆಗೆದ ಇಪ್ಪತ್ತು ಕಡ್ಡಿಗಳನ್ನು ಉಪಚರಿಸಿ, ಇನ್ನಿಪ್ಪತ್ತನ್ನು ಬರಿ ನೀರಿನಲ್ಲಿ ಅದ್ದಿ, ಒಂದೇ ಪಾತಿಯಲ್ಲಿ ಗುರುತಿಟ್ಟು ನೆಡಬೇಕು. ನೆರಳು, ನೀರು ಎರಡಕ್ಕೂ ಸಮನಾಗಿರಲಿ. ಎರಡು ತಿಂಗಳ ನಂತರ ಚಿಗುರನ್ನಲ್ಲ, ಬೇರನ್ನು ಎಣಿಸಬೇಕು. ಬರಿ ನೀರಿನಲ್ಲಿ ಅದ್ದಿದವುಗಳಲ್ಲೇ ಇಪ್ಪತ್ತಕ್ಕೆ ಹದಿನೆಂಟು ಬೇರೂರಿದ್ದರೆ ಮುಂದಿನ ವರ್ಷ ಆ ಖರ್ಚನ್ನು ನೆರಳುಪರದೆಗೋ ಒಳ್ಳೆಯ ಮರಳಿಗೋ ಹಾಕಬಹುದು. ಎಂಟೇ ಬೇರೂರಿದ್ದು, ಉಪಚರಿಸಿದವುಗಳಲ್ಲಿ ಹದಿನೈದು ಬದುಕಿದ್ದರೆ ಚೋದಕದ ಬೆಲೆ ಸಸಿಯ ಬೆಲೆಯ ಮುಂದೆ ಏನೂ ಅಲ್ಲ.

ಬೇರೊಡೆದ ಸಸಿಗಳನ್ನು ಕೂಡಲೇ ಬಿಸಿಲಿಗೆ ತರಬಾರದು. ಮೊದಲ ಬೇರುಗಳು ಬೆಳ್ಳಗೆ, ಸುಲಭವಾಗಿ ಮುರಿಯುವಂತಿರುತ್ತವೆ. ಅವು ಕಂದು ಬಣ್ಣಕ್ಕೆ ತಿರುಗಿ ಕವಲೊಡೆದ ಮೇಲೆ ನೆರಳನ್ನು ಹಂತಹಂತವಾಗಿ ಕಡಿಮೆ ಮಾಡಿ, ಮುಂಗಾರು ಹದವಾಗಿ ಹಿಡಿದಾಗ ಮಣ್ಣಿನ ಹೆಂಟೆ ಸಮೇತ ತೋಟಕ್ಕೆ ನೆಡಬೇಕು.